ಸಿಂಗಳೀಕಕ್ಕೆ ಓಟಿಲ್ಲ, ನಿಮಗಿದೆಯಲ್ಲ

ಪ್ರಶ್ನೆ: ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಯಿಂದ ಸಿಂಗಳೀಕಕ್ಕೆ ಕುತ್ತು ಅಂತ ಓದಿ, ಬಂದ ಆನ್‌ಲೈನ್ ಅರ್ಜಿಗೆಲ್ಲ ಸಹಿ ಹಾಕಿದ್ದೇನೆ. ಇದರಿಂದ ಏನಾದರೂ ಆಗುತ್ತಾ? ರಾಜಕೀಯದವರನ್ನು ಕೇಳಿದರೆ ‘ನಿಮಗೆ ಕರೆಂಟ್ ಬೇಡ್ವಾ?’ ಅಂತಾರೆ. ನನಗಂತೂ ರಾಜಕೀಯ ಒಗ್ಗುವುದಿಲ್ಲ.
– ಓದುಗರೊಬ್ಬರು, ಸಾಗರ

ಉತ್ತರ: ಸಹಿ ಹಾಕಿದ್ದು ಒಳ್ಳೆಯದೇ. ಆದರೆ ಆ ಅರ್ಜಿಗೆ ಯಾರೂ ಉತ್ತರ ಕೊಡಲೇಬೇಕು ಅಂತಿಲ್ಲ. ಕೊಡಲೇಬೇಕಾದ ಜಾಗದಲ್ಲಿ ಕೇಳಿ. ಅಂಥ ಒಂದು ಜಾಗ ಸಾರ್ವಜನಿಕ ಅಹವಾಲು ಸಭೆ. 2006ರ ಪರಿಸರ ಅಧಿಸೂಚನೆಯ ಪ್ರಕಾರ ಸಭೆಗೆ ಕನಿಷ್ಠ 30 ದಿನ ಮೊದಲು ಪತ್ರಿಕೆಯಲ್ಲಿ ತಿಳಿಸಬೇಕು, ಯೋಜನೆಯಿಂದ ಪರಿಸರಕ್ಕೆ ಏನಾಗುತ್ತೆ ಅನ್ನೋ ವರದಿಯ ಸಾರಾಂಶವನ್ನು ಸ್ಥಳೀಯ ಭಾಷೆಯಲ್ಲಿ ಇಡಬೇಕು, ಸಭೆಯನ್ನು ಪೂರ್ತಿ ವಿಡಿಯೊ ಮಾಡಬೇಕು, ಜನ ಎತ್ತಿದ ಆಕ್ಷೇಪಗಳಿಗೆ ಯೋಜನೆಯವರು ಅಂತಿಮ ವರದಿಯಲ್ಲಿ ಉತ್ತರ ಬರೆಯಬೇಕು. ಈ ಯೋಜನೆಗೆ 2025ರಲ್ಲೇ ಕಾರ್ಗಲ್ ಮತ್ತು ಗೇರುಸೊಪ್ಪದಲ್ಲಿ ಸಭೆ ನಡೆದಿದೆ. ಅದರ ನಡಾವಳಿ ತರಿಸಿಕೊಂಡು ಓದಿ. ಸಿಗದಿದ್ದರೆ ಆರ್‌ಟಿಐ ಹಾಕಿ.

ಇನ್ನು ‘ಕರೆಂಟ್ ಬೇಡ್ವಾ’ ಅನ್ನೋದು. ಸಿಟ್ಟಾಗಬೇಡಿ, ಬೇಕು ಅನ್ನಿ! 2000 ಮೆಗಾವಾಟಿನ ಈ ಯೋಜನೆ ಒಂದು ದೊಡ್ಡ ಬ್ಯಾಟರಿ ಅಷ್ಟೇ. ಗೇರುಸೊಪ್ಪ ಜಲಾಶಯದ ನೀರನ್ನು ತಲಕಳಲೆಗೆ ಎತ್ತಿ, ಬೇಕಾದಾಗ ಕೆಳಗೆ ಬಿಡುವುದು. ಎತ್ತಲು ಖರ್ಚಾಗುವ ಕರೆಂಟು ವಾಪಸ್ ಸಿಗುವುದಕ್ಕಿಂತ ಜಾಸ್ತಿ. ಬಿಸಿಲು, ಗಾಳಿಯ ವಿದ್ಯುತ್ತು ಹೆಚ್ಚಾದಂತೆ ಅಂಥ ಬ್ಯಾಟರಿ ಬೇಕು ಅಂತಲೇ ಇಟ್ಟುಕೊಳ್ಳೋಣ, ಆದರೆ ಶರಾವತಿ ಕಣಿವೆಯ ಅಭಯಾರಣ್ಯದೊಳಗೇ ಯಾಕೆ? ಬೇರೆ ಯಾವ ಜಾಗ ನೋಡಿದರು, ಅದನ್ನು ಯಾಕೆ ಬಿಟ್ಟರು ಅಂತ ವರದಿಯಲ್ಲಿ ಇರಬೇಕು, ಆ ಪುಟ ತೋರಿಸಿ ಅಂತ ಕೇಳಿ. ಸಿಂಗಳೀಕ ಪಶ್ಚಿಮ ಘಟ್ಟದ ಕಾಡು ಬಿಟ್ಟರೆ ಬೇರೆಲ್ಲೂ ಇಲ್ಲ. ಮರದ ಮೇಲೇ ಬದುಕುವ ಪ್ರಾಣಿ ಅದು, ನೆಲಕ್ಕಿಳಿಯುವುದು ಕಡಿಮೆ. ಹಾಗಾಗಿ ರಸ್ತೆಗೆ ಅಂತ ಕಾಡು ಸೀಳಿದರೆ ಕಡಿದ ಮರಗಳ ಲೆಕ್ಕಕ್ಕಿಂತ ಹೆಚ್ಚಿನ ನಷ್ಟ, ಗುಂಪುಗಳು ಆಚೆ ಈಚೆ ಸಿಕ್ಕಿಕೊಳ್ಳುತ್ತವೆ. ಅಂದ ಹಾಗೆ, 2019ರಲ್ಲಿ ಈ ಕಾಡನ್ನು ಸಿಂಗಳೀಕ ಅಭಯಾರಣ್ಯ ಅಂತ ಘೋಷಿಸಿದ್ದು ರಾಜ್ಯ ಸರ್ಕಾರವೇ, ಯೋಜನೆ ತಂದಿರುವುದೂ ಸರ್ಕಾರದ ನಿಗಮವೇ.

ರಾಜಕೀಯ ಒಗ್ಗಲ್ಲ ಅಂದಿರಿ. ಕೇರಳದ ಸೈಲೆಂಟ್ ವ್ಯಾಲಿ ಕಾಡು ಉಳಿದದ್ದು ಹೇಗೆ ಅಂದುಕೊಂಡಿರಿ? ಅಲ್ಲೂ ಜಲವಿದ್ಯುತ್, ಅಲ್ಲೂ ಸಿಂಗಳೀಕ. ಜನರಿಗೆ ವಿಜ್ಞಾನ ತಲುಪಿಸುವ ಸಂಘಟನೆಯಾದ ಶಾಸ್ತ್ರ ಸಾಹಿತ್ಯ ಪರಿಷತ್ತಿನ ಮೇಷ್ಟ್ರುಗಳು, ಸುಗತಕುಮಾರಿಯಂಥ ಕವಿಗಳು ವರ್ಷಗಟ್ಟಲೆ ಬೆನ್ನು ಬಿಡಲಿಲ್ಲ, ವಿಷಯ ಪ್ರಧಾನಿ ಇಂದಿರಾ ಗಾಂಧಿಯವರೆಗೂ ಹೋಯಿತು, 1983ರಲ್ಲಿ ಯೋಜನೆ ಕೈಬಿಟ್ಟರು. ಅವರಲ್ಲಿ ಬಹುಪಾಲು ಜನ ಚುನಾವಣೆಗೆ ನಿಂತವರೇನಲ್ಲ.

ಶಾಸಕರ ಬಳಿ ಒಬ್ಬರೇ ಹೋಗಬೇಡಿ. ನಿಮ್ಮ ಬೂತಿನ ಹತ್ತು ಜನ ಹೋಗಿ, ಪಕ್ಷ ಯಾವುದಾದರೂ ಇರಲಿ. ಅದಕ್ಕೂ ಮೊದಲು ನಿಮ್ಮ ಹತ್ತಿರದ ಪಂಚಾಯ್ತಿಯ ಗ್ರಾಮಸಭೆ ಯಾವಾಗ ಅಂತ ಪಿಡಿಒ ಅವರನ್ನು ಕೇಳಿ, ಆ ಊರಿನವರಿಂದಲೇ ಠರಾವು ಬರೆಸಿ. ಅದರ ನಕಲನ್ನು ಶಾಸಕರಿಗೂ ಸಂಸದರಿಗೂ ಕೊಡಿ, ಸ್ವೀಕೃತಿ ಮೊಹರು ಹಾಕಿಸಿಕೊಳ್ಳದೆ ಮಾತ್ರ ಬರಬೇಡಿ.