ಕೇಂದ್ರ ದಡದಲ್ಲಿರಲಿ, ನೇತ್ರಾಣಿ ನೇತ್ರಾಣಿಯಾಗಿಯೇ ಇರಲಿ

ಶಿರಸಿ ಕಡೆಯ ಓದುಗಿಯೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಎಂಎಸ್ಸಿ ಓದುತ್ತಿರುವ ಹುಡುಗಿ. ಪತ್ರದ ತಿರುಳು ಇಷ್ಟು: 'ಗಲಾಪಗೋಸ್ ದ್ವೀಪಗಳಲ್ಲಿ ಡಾರ್ವಿನ್ ಹೆಸರಿನ ಸಂಶೋಧನಾ ಕೇಂದ್ರ ಇದೆ. ಮುರ್ಡೇಶ್ವರದಾಚೆಯ ನಮ್ಮ ನೇತ್ರಾಣಿ ದ್ವೀಪದಲ್ಲೂ ಹವಳ ಇದೆ, ಕಡಲಹದ್ದು ಇದೆ. ದ್ವೀಪದ ಮೇಲೆಯೇ ಒಂದು ಕೇಂದ್ರ ಏಕೆ ಕಟ್ಟಬಾರದು? ಒಂದು ಜೆಟ್ಟಿ, ಸೋಲಾರ್, ಹತ್ತು ಜನ ಉಳಿಯಲು ಕೋಣೆ ಇದ್ದರೆ ಸಾಕು. ನಿಮ್ಮ ಪತ್ರಿಕೆ ಈ ಮಾತು ಎತ್ತಬೇಕು.' ಮೂರನೇ ಪುಟದಲ್ಲಿ ತಾವೇ ಬಿಡಿಸಿದ ನಕ್ಷೆಯೂ ಇದೆ. ಜೆಟ್ಟಿ ಎಲ್ಲಿ, ಕಟ್ಟಡ ಎಲ್ಲಿ ಎಂದು ಕೆಂಪು ಪೆನ್ನಿನಲ್ಲಿ ಗುರುತು ಹಾಕಿದ್ದಾರೆ.

ತಂಗಿ, ನಿಮ್ಮ ಪತ್ರ ಓದಿ ನಿಜಕ್ಕೂ ಖುಷಿಯಾಯಿತು. ಘಟ್ಟದ ಮೇಲೆ ಕುಳಿತು ಕಡಲಿನ ಬಗ್ಗೆ ಇಷ್ಟು ಯೋಚಿಸುವವರು ಎಷ್ಟು ಜನ ಇದ್ದಾರೆ? ನಿಮ್ಮ ವಾದದಲ್ಲೂ ಹುರುಳಿದೆ. ಸ್ಥಳದಲ್ಲೇ ಉಳಿದವನಿಗೆ ರಾತ್ರಿಯ ಕಡಲು, ಮಳೆಗಾಲದ ಹಕ್ಕಿ ಎಲ್ಲ ಕಾಣುತ್ತದೆ. ಬೆಳಿಗ್ಗೆ ಹೋಗಿ ಸಂಜೆ ಬರುವವನಿಗೆ ಅದು ಸಿಗುವುದಿಲ್ಲ. ಅದನ್ನು ಒಪ್ಪುತ್ತೇನೆ. ಆದರೆ ಕೆಂಪು ಗುರುತನ್ನು ಮಾತ್ರ ಒಪ್ಪಲಾರೆ.

ಗಲಾಪಗೋಸ್ ಮಾತು ನೀವೇ ಎತ್ತಿದ್ದೀರಿ, ಅಲ್ಲಿಂದಲೇ ಶುರು ಮಾಡುತ್ತೇನೆ. 1957ರಲ್ಲಿ ಯುನೆಸ್ಕೋ ನೆರವಿನಿಂದ ಇಬ್ಬರು ಜೀವಶಾಸ್ತ್ರಜ್ಞರು, ಐಬೆಲ್-ಐಬೆಸ್ಫೆಲ್ಟ್ ಮತ್ತು ಬೌಮನ್, ಆ ದ್ವೀಪಗಳನ್ನು ಸುತ್ತಿ ನೋಡಿದರು. ಕೇಂದ್ರಕ್ಕೆ ಜಾಗ ಹುಡುಕುವುದೂ ಅವರ ಕೆಲಸವಾಗಿತ್ತು. ಕೊನೆಗೆ ಕೇಂದ್ರ ಎದ್ದಿದ್ದು ಸಾಂತಾ ಕ್ರೂಜ್ ದ್ವೀಪದ ಅಕಾಡೆಮಿ ಕೊಲ್ಲಿಯಲ್ಲಿ. ಅಲ್ಲಿ ಮೊದಲೇ ಜನ ನೆಲೆಸಿದ್ದರು, ದೋಣಿ ನಿಲ್ಲಿಸಲು ತಾವಿತ್ತು. 1964ರ ಜನವರಿಯಲ್ಲಿ ಉದ್ಘಾಟನೆಯಾಯಿತು. ಎಲ್ಲಕ್ಕಿಂತ ಜಾಸ್ತಿ ನಾಜೂಕಾದ ದ್ವೀಪದ ಮೇಲೆ ಅವರು ಮನೆ ಕಟ್ಟಲಿಲ್ಲ, ನೋಡಿ. ಎಸ್ಪನ್ಯೋಲಾ ದ್ವೀಪದಲ್ಲಿ ಜನ ಬಿಟ್ಟ ಮೇಕೆಗಳು ಹಸಿರನ್ನೆಲ್ಲ ತಿಂದು ಹಾಕಿದ್ದವು. ಅಲ್ಲಿನ ದೈತ್ಯ ಆಮೆಗಳಲ್ಲಿ ಉಳಿದದ್ದು 14 ಮಾತ್ರ. ಅವನ್ನು ಹಡಗಿನಲ್ಲಿ ಸಾಂತಾ ಕ್ರೂಜ್‌ಗೆ ತಂದು, ಮರಿ ಮಾಡಿಸಿ, ಮತ್ತೆ ತವರಿಗೆ ಕಳಿಸಿದರು. ಹೀಗೆ ವಾಪಸ್ ಹೋದವು ಸುಮಾರು 2000. ಇನ್ನೊಂದು ಮಾತು, ಆ ದ್ವೀಪಗಳು ಈಕ್ವೆಡಾರ್ ದಡದಿಂದ ಸುಮಾರು 1000 ಕಿಲೋಮೀಟರ್ ದೂರ. ದ್ವೀಪದಲ್ಲೇ ಕಟ್ಟದೆ ಬೇರೆ ದಾರಿ ಇರಲಿಲ್ಲ. ಮುರ್ಡೇಶ್ವರದಿಂದ ನೇತ್ರಾಣಿಗೆ ಎಷ್ಟು? ಸುಮಾರು 19 ಕಿಲೋಮೀಟರ್.

ಮನುಷ್ಯ ಉಳಿಯಲು ಹೋದಲ್ಲಿ ಒಬ್ಬನೇ ಹೋಗುವುದಿಲ್ಲ. ದಕ್ಷಿಣ ಆಫ್ರಿಕಾದ ಮ್ಯಾರಿಯನ್ ದ್ವೀಪದಲ್ಲಿ ಹವಾಮಾನ ಕೇಂದ್ರ ಕಟ್ಟಿದರು. ಇಲಿ ಕಾಟ ಎಂದು 1949ರಲ್ಲಿ ಐದು ಬೆಕ್ಕು ತಂದರು. ಐದೇ ಐದು. 1970ರ ದಶಕದ ಹೊತ್ತಿಗೆ ಅವು ಸಾವಿರಾರಾದವು. ವರ್ಷಕ್ಕೆ ಲಕ್ಷಗಟ್ಟಲೆ ಕಡಲಹಕ್ಕಿಗಳನ್ನು ತಿಂದವು. ಬೆಕ್ಕುಗಳನ್ನು ಪೂರ್ತಿ ತೆಗೆಯುವ ಹೊತ್ತಿಗೆ 1991 ಬಂತು. ಇಲಿಗಳು ಮಾತ್ರ ಹಾಗೆಯೇ ಉಳಿದವು, ಈಗ ಆಲ್ಬಟ್ರಾಸ್ ಎಂಬ ದೊಡ್ಡ ಕಡಲಹಕ್ಕಿಯ ಮರಿಗಳನ್ನು ಜೀವಂತ ಕಚ್ಚಿ ತಿನ್ನುತ್ತಿವೆ. ನಮ್ಮ ಅಂಡಮಾನಿನ ನಾರ್ಕೊಂಡಮ್ ಕೂಡ ಇದೇ ಕಥೆ. ಪುಟ್ಟ ದ್ವೀಪ, ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಮಂಗಟ್ಟೆ ಹಕ್ಕಿ ಅಲ್ಲಿದೆ. ಪೊಲೀಸ್ ಠಾಣೆಯ ಜೊತೆ ಮೇಕೆಗಳು ಹೋದವು, ಕಾಡಿನ ಎಳೆ ಗಿಡಗಳನ್ನೆಲ್ಲ ಮೇಯ್ದವು. ನೇತ್ರಾಣಿಯಲ್ಲಿ ಹರಕೆಯ ಆಡುಗಳು ಈಗಾಗಲೇ ಇವೆ. ಅದರ ಮೇಲೆ ಕ್ಯಾಂಟೀನ್, ಜನರೇಟರ್, ಕಸದ ಬುಟ್ಟಿ, ಬುಟ್ಟಿಯ ಹಿಂದೆ ಬರುವ ಇಲಿ ಬೇರೆ ಬೇಕೇ?

ದೋಣಿಯನ್ನಾದರೂ ಎಲ್ಲಿ ಹಚ್ಚುತ್ತೀರಿ? ಸುಮಾರು ವರ್ಷಗಳ ಹಿಂದೆ ನಾನು ಭಟ್ಕಳ ಕಡೆಯ ದೋಣಿಯೊಂದರಲ್ಲಿ ನೇತ್ರಾಣಿಗೆ ಹೋಗಿದ್ದೆ. ದಡದಲ್ಲಿ ಕಡಲು ಕನ್ನಡಿ ಇದ್ದ ಹಾಗಿತ್ತು. ದ್ವೀಪದ ಬುಡದಲ್ಲಿ ನೋಡಿದರೆ ನೀರು ಆಳೆತ್ತರ ಏರಿ ಇಳಿಯುತ್ತಿದೆ. ದೋಣಿ ನಡೆಸುವ ತಾಂಡೇಲರು ಒಂದು ತಾಸು ಸುತ್ತು ಹೊಡೆಸಿದರು. ಬಂಡೆಯನ್ನೂ ನೀರನ್ನೂ ನೋಡುತ್ತಲೇ ಇದ್ದರು. ಕೊನೆಗೆ "ಇವತ್ತು ಕಾಲಿಡೂಕೆ ಆಗೂದಿಲ್ರಾ" ಎಂದು ದೋಣಿ ತಿರುಗಿಸಿದರು. ನನಗೆ ಬೇಜಾರಾಯಿತು. ಅದೇ ಮಧ್ಯಾಹ್ನ ಗಾಳಿ ಎದ್ದಾಗ ಅರ್ಥವಾಯಿತು. ಜೂನ್, ಜುಲೈನಲ್ಲಂತೂ ಯಾಂತ್ರಿಕ ಮೀನುಗಾರಿಕೆ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಆಗ ದ್ವೀಪದಲ್ಲಿ ಒಬ್ಬರಿಗೆ ಜ್ವರ ಬಂದರೆ? 2019ರ ಜನವರಿಯಲ್ಲಿ, ಕಡಲು ಶಾಂತ ಇರಬೇಕಾದ ತಿಂಗಳಲ್ಲಿ, ಕೂರ್ಮಗಡದ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಜನ ತೀರಿಕೊಂಡರು. ಕೂರ್ಮಗಡ ಕಾರವಾರದ ಕಣ್ಣೆದುರೇ ಇದೆ.

ಜಾಗ ತಪ್ಪಿದರೆ ಏನಾಗುತ್ತದೆ ಎಂದು ನಮ್ಮ ದೇಶಕ್ಕೂ ಗೊತ್ತು. ಅಂಟಾರ್ಕ್ಟಿಕಾದಲ್ಲಿ ನಮ್ಮ ಮೊದಲ ಕೇಂದ್ರ ದಕ್ಷಿಣ ಗಂಗೋತ್ರಿಯನ್ನು 1983-84ರಲ್ಲಿ ಹಿಮದ ಹಾಸಿನ ಮೇಲೆ ಕಟ್ಟಿದರು. ವರ್ಷ ವರ್ಷ ಹಿಮ ಬಿದ್ದು ಅದು ಹೂತೇ ಹೋಯಿತು. 1989ರಲ್ಲಿ ಹೊಸ ಕೇಂದ್ರ ಮೈತ್ರಿಯನ್ನು ಕಲ್ಲುನೆಲದ ಮೇಲೆ, ಸಿಹಿನೀರಿನ ಕೆರೆಯ ಪಕ್ಕ ಕಟ್ಟಿದರು. ಅದು ಇವತ್ತಿಗೂ ನಿಂತಿದೆ. ಉತ್ತರ ಧ್ರುವದ ಕಡೆ ಸ್ವಾಲ್ಬಾರ್ಡ್‌ನಲ್ಲಿ 2008ರಲ್ಲಿ ನಮ್ಮ ಹಿಮಾದ್ರಿ ಕೇಂದ್ರ ತೆರೆದಾಗಲೂ ಹೊಸ ನೆಲ ಅಗೆಯಲಿಲ್ಲ. ಹಳೆಯ ಕಲ್ಲಿದ್ದಲು ಊರೊಂದರಲ್ಲಿ ನೆಲೆ ಹುಡುಕಿಕೊಂಡರು. ನೀರು, ಊಟ, ಬಂದರು ಎಲ್ಲ ಅಲ್ಲಿ ಮೊದಲೇ ಇತ್ತು.

ಹಾಗಾದರೆ ನಮ್ಮ ಕೇಂದ್ರ ಎಲ್ಲಿರಬೇಕು? ತೆಂಗಿನಗುಂಡಿಯಂಥ ಮೀನುಗಾರಿಕೆ ಬಂದರಿನ ಪಕ್ಕದಲ್ಲಿ. ಬಲೆ ಒಣಗಿಸುವ ಜಾಗದಿಂದ ಕೂಗಿದರೆ ಕೇಳುವಷ್ಟು ಹತ್ತಿರ. ಬಾವಿ ಇದೆ, ಆಸ್ಪತ್ರೆ ದೂರವಿಲ್ಲ. ಮುಖ್ಯವಾಗಿ, ಕಡಲು ಬಲ್ಲ ಜನ ಇದ್ದಾರೆ. ಯಾವ ಮೀನು ಯಾವ ತಿಂಗಳು ಎಲ್ಲಿ ಸಿಗುತ್ತಿತ್ತು, ಈಗ ಏಕೆ ಸಿಗುತ್ತಿಲ್ಲ ಎಂಬ ಲೆಕ್ಕ ಖಾರ್ವಿ, ಮೊಗೇರ, ಹರಿಕಂತ್ರ ಮನೆಗಳ ಹಿರಿಯರ ಬಾಯಲ್ಲಿದೆ. ಕೇಂದ್ರದ ಮೊದಲ ಕೆಲಸ ಅದನ್ನು ಬರೆದುಕೊಳ್ಳುವುದು. ಕಾರವಾರದ ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗ ದಶಕಗಳಿಂದ ಇದೆ. ಹೊಸದು ಅದರ ಕೈ ಹಿಡಿದು ನಡೆಯಲಿ.

ಇಲ್ಲಿ ನನ್ನ ಹಳೆಯ ಸಂಕಟವನ್ನೂ ಹೇಳಿಬಿಡುತ್ತೇನೆ. ನಮ್ಮ ಜಿಲ್ಲೆಯಲ್ಲಿ ಜಾಗ ಆರಿಸುವ ಕೆಲಸ ಯಾವಾಗಲೂ ದೂರದ ಊರಿನ ಮೇಜಿನ ಮೇಲೆ ನಡೆದಿದೆ. ಕಾಳಿ ನದಿಗೆ ಅಣೆಕಟ್ಟು ಬಂತು, ಕೈಗಾ ಅಣುಸ್ಥಾವರ ಬಂತು, ಸೀಬರ್ಡ್ ನೌಕಾನೆಲೆ ಬಂತು. ಜನ ಮನೆ, ಗದ್ದೆ, ಕಡಲತೀರ ಬಿಟ್ಟು ಎದ್ದರು. ದೇಶಕ್ಕೆ ಬೇಕಿತ್ತು, ಕೊಟ್ಟರು. ಆದರೆ ನಿಮ್ಮ ಅಭಿಪ್ರಾಯ ಏನು ಎಂದು ಮೊದಲೇ ಬಂದು ಕೇಳಿದವರು ಯಾರು? ವಿಜ್ಞಾನವೂ ಹಾಗೇ ಬರಬಾರದು. ಸಂಶೋಧಕರು ಬರುತ್ತಾರೆ, ದೋಣಿ ಬಾಡಿಗೆಗೆ ಹಿಡಿಯುತ್ತಾರೆ, ಬಾಟಲಿಗಳಲ್ಲಿ ನೀರು ತುಂಬಿಕೊಂಡು ಹೋಗುತ್ತಾರೆ. ವರದಿ ಇಂಗ್ಲಿಷಿನಲ್ಲಿ ಎಲ್ಲೋ ಅಚ್ಚಾಗುತ್ತದೆ. ಒಂದು ಸಂಸ್ಥೆಗೆ ನಾನು ಮೂರು ಸಲ ಬರೆದೆ, 'ನಮ್ಮ ಮೀನುಗಾರರಿಗಾಗಿ ಎರಡು ಪುಟದ ಕನ್ನಡ ಸಾರಾಂಶ ಕೊಡಿ, ಅಚ್ಚು ಹಾಕುತ್ತೇವೆ' ಎಂದು. ಉತ್ತರ ಬರಲಿಲ್ಲ. ದೋಣಿ ಓಡಿಸಿದವನ ಮಗಳು ಅದೇ ಕೇಂದ್ರದಲ್ಲಿ ವಿಜ್ಞಾನಿಯಾಗಬೇಕು ಎಂಬುದು ನನ್ನ ಆಸೆ. ಕೇಂದ್ರ ಬಂಡೆಯ ಮೇಲಿದ್ದರೆ ಅವಳಿಗೆ ಅದು ದುರ್ಬೀನಿನಲ್ಲಿ ಕಾಣುವ ಕಟ್ಟಡ. ಊರಿನಲ್ಲಿದ್ದರೆ ಶಾಲೆಯಿಂದ ಬರುವಾಗ ಒಳಗೆ ಇಣುಕಿ ನೋಡುತ್ತಾಳೆ.

ಸುಮ್ನೆ ನಿಮ್ಮ ಮಾತು ತೆಗೆದುಹಾಕಲು ಇಷ್ಟೆಲ್ಲ ಬರೆಯಲಿಲ್ಲ, ತಂಗಿ. ಮಳೆ ಮುಗಿದು ಕಡಲು ತಣ್ಣಗಾದ ಮೇಲೆ ಒಮ್ಮೆ ಬನ್ನಿ. ಹಿಂದಿನ ದಿನವೇ ಬಂದು ನಮ್ಮ ಮನೆಯಲ್ಲಿ ಉಳಿದುಕೊಳ್ಳಿ, ದೋಣಿ ಬೆಳಿಗ್ಗೆ ಐದಕ್ಕೇ ಹೊರಡುತ್ತದೆ. ನಕ್ಷೆಯನ್ನು ಮರೆಯದೆ ತನ್ನಿ. ಜೆಟ್ಟಿ ಎಂದು ಗುರುತು ಹಾಕಿದ ಜಾಗವನ್ನು ತಾಂಡೇಲರಿಗೆ ತೋರಿಸಿ ಕೇಳೋಣ.