ಅಜ್ಜಿ, ಮೊಮ್ಮಗಳು ಮತ್ತು ನಾಟಕದ ಆಡಿಷನ್

ಓದುಗರ ಪತ್ರ: ನನಗೆ ಅರವತ್ತೊಂದು ವರ್ಷ. ಶಾಲೆಯಲ್ಲಿದ್ದಾಗ ಬಿಟ್ಟರೆ ರಂಗ ಹತ್ತಿದವಳಲ್ಲ. ಇಲ್ಲಿನ ಹವ್ಯಾಸಿ ತಂಡವೊಂದು ಮಕ್ಕಳು, ಯುವಕರು, ಹಿರಿಯರು ಒಟ್ಟಿಗೆ ಅಭಿನಯಿಸುವ ನಾಟಕಕ್ಕೆ ಆಡಿಷನ್ ಕರೆದಿದೆ. ಹತ್ತು ವರ್ಷದ ಮೊಮ್ಮಗಳು ಹೆಸರು ಕೊಟ್ಟಿದ್ದಾಳೆ. ನೀನೂ ಬಾ ಅಜ್ಜಿ ಎಂದು ದುಂಬಾಲು ಬಿದ್ದಿದ್ದಾಳೆ. ಆಸೆ ನನಗೂ ಇದೆ. ಆದರೆ ಇಪ್ಪತ್ತರ ಹುಡುಗ ಹುಡುಗಿಯರ ನಡುವೆ ನಿಂತು ನಗೆಪಾಟಲಾಗುವೆನೇನೋ ಎಂಬ ಅಳುಕು. ಈ ವಯಸ್ಸಿನಲ್ಲಿ ಮಾತು ನೆನಪಿರುತ್ತದೆಯೇ? ನಮ್ಮಿಬ್ಬರಲ್ಲಿ ಒಬ್ಬರು ಮಾತ್ರ ಆಯ್ಕೆಯಾದರೆ ಏನು ಮಾಡುವುದು? ಹೆಸರು ಪ್ರಕಟಿಸಬೇಡಿ.

ಸಂಪಾದಕರ ಉತ್ತರ:

ಹೋಗಿ. ಮೊದಲು ಇದನ್ನು ಹೇಳಿಬಿಡುತ್ತೇನೆ. ನಿಮ್ಮ ಪತ್ರದಲ್ಲಿ ಆಸೆಗೆ ಸಿಕ್ಕಿರುವುದು ಒಂದೇ ಪುಟ್ಟ ವಾಕ್ಯ, ಉಳಿದದ್ದೆಲ್ಲ ಅಳುಕಿನ ಪಾಲು. ನಾನು ನಂಬುವುದು ಆ ಪುಟ್ಟ ವಾಕ್ಯವನ್ನೇ.

ವಯಸ್ಸಿನ ಮಾತು ಬಂತು. ಹವ್ಯಾಸಿ ತಂಡಗಳ ಆಡಿಷನ್‌ಗೆ ಯುವಕರು ಗುಂಪುಗುಂಪಾಗಿ ಬರುತ್ತಾರೆ. ಐವತ್ತು ದಾಟಿದವರು ಬರುವುದೇ ಕಡಿಮೆ. ಹಾಗಾಗಿಯೇ ಎಷ್ಟೋ ನಾಟಕಗಳಲ್ಲಿ ಇಪ್ಪತ್ತೈದರ ಹುಡುಗ ಕೂದಲಿಗೆ ಬಿಳಿ ಹಚ್ಚಿಕೊಂಡು, ಬೆನ್ನು ಬಗ್ಗಿಸಿ, ದನಿ ನಡುಗಿಸಿ ಮುದುಕನಾಗುತ್ತಾನೆ. ಎಲ್ಲ ವಯಸ್ಸಿನವರೂ ಬನ್ನಿ ಎಂದು ನಿರ್ದೇಶಕರು ಕರೆದಿದ್ದಾರೆಂದರೆ ಈ ನಡುಗುವ ದನಿ ಅವರಿಗೆ ಸಾಕಾಗಿದೆ ಎಂದೇ ಅರ್ಥ. ನೀವು ಮಾಡಬಾರದ ಕೆಲಸವೂ ಅದೇ. ಅಜ್ಜಿಯ ಪಾತ್ರ ಓದಲು ಕೊಟ್ಟರೆ ಅಜ್ಜಿಯಂತೆ ನಟಿಸಲು ಹೋಗಬೇಡಿ. ಆಕೆಗೆ ಆ ಕ್ಷಣದಲ್ಲಿ ಏನು ಬೇಕಾಗಿದೆ, ಯಾರನ್ನು ಒಪ್ಪಿಸಬೇಕಾಗಿದೆ ಎಂಬುದನ್ನು ಹಿಡಿದುಕೊಂಡರೆ ಸಾಕು. ವಯಸ್ಸನ್ನು ನಿಮ್ಮ ಮುಖವೇ ಹೇಳುತ್ತದೆ.

ಹವ್ಯಾಸಿ ನಾಟಕಗಳ ಪಾತ್ರ ಹಂಚಿಕೆಯಲ್ಲಿ ನಾನೂ ಕೂತಿದ್ದೇನೆ. ಅಲ್ಲಿ ಕೂತವರು ನೋಡುವುದೇನು ಎಂಬ ಬಗ್ಗೆ ಹೊರಗಿರುವವರಿಗೆ ತಪ್ಪು ಕಲ್ಪನೆಯಿದೆ. ಸ್ಪಷ್ಟ ಉಚ್ಚಾರ, ತುಂಬು ಕಂಠ, ಧೈರ್ಯ ಎಲ್ಲವೂ ಬೇಕು, ನಿಜ. ಆದರೆ ಬೇರೆ ಬೇರೆ ವಯಸ್ಸಿನವರು ಒಂದೇ ರಂಗದ ಮೇಲೆ ನಿಲ್ಲಬೇಕಾದ ನಾಟಕದಲ್ಲಿ ಎಲ್ಲಕ್ಕಿಂತ ಮೊದಲು ಹುಡುಕುವುದು ಎದುರಿಗಿರುವವರ ಮಾತನ್ನು ಕೇಳಿಸಿಕೊಳ್ಳುವವರನ್ನು. ಒಮ್ಮೆ ನಿವೃತ್ತರೊಬ್ಬರಿಗೂ ಒಬ್ಬ ಸಣ್ಣ ಹುಡುಗನಿಗೂ ಒಂದು ದೃಶ್ಯ ಕೊಟ್ಟಿದ್ದೆವು. ನಡುವೆ ಹುಡುಗ ಎರಡು ಸಾಲು ಹಾರಿಸಿ ಮುಂದಕ್ಕೆ ಓದಿಬಿಟ್ಟ. ಹಿರಿಯರು ಅವನನ್ನು ತಿದ್ದಲಿಲ್ಲ, ನಮ್ಮ ಕಡೆ ತಿರುಗಿ ನಗಲೂ ಇಲ್ಲ. ಕೈಯಲ್ಲಿದ್ದ ಹಾಳೆಯನ್ನು ಕೆಳಗಿಳಿಸಿದರು, ಹುಡುಗನ ಮುಖವನ್ನೇ ನೋಡಿದರು, ಅವನು ಹೇಳಿದ್ದಕ್ಕೆ ಹೊಂದುವ ತಮ್ಮ ಮಾತನ್ನು ಹುಡುಕಿ ಅಲ್ಲಿಂದ ಎತ್ತಿಕೊಂಡರು. ತಾನು ತಪ್ಪಿದ್ದೇನೆಂದು ಹುಡುಗನಿಗೆ ಗೊತ್ತಾಗಲೇ ಇಲ್ಲ. ಅವರ ದನಿ ಅಷ್ಟೇನೂ ಗಟ್ಟಿಯಾಗಿರಲಿಲ್ಲ; ಪಾತ್ರ ಕೊಡಲು ನಾವು ಯಾರೂ ಹಿಂದೆಮುಂದೆ ನೋಡಲಿಲ್ಲ.

ಆಡಿಷನ್ ಹೇಗೆ ನಡೆಯುತ್ತದೆ ಎಂದು ತಂಡವನ್ನು ಮುಂಚೆಯೇ ಕೇಳಿ, ಸಂಕೋಚ ಬೇಡ. ಕೆಲವರು ಎರಡು ನಿಮಿಷದ ಸ್ವಗತವೊಂದನ್ನು ಸಿದ್ಧಪಡಿಸಿಕೊಂಡು ಬನ್ನಿ ಎನ್ನುತ್ತಾರೆ. ಕೆಲವರು ಅಲ್ಲೇ ಹಾಳೆ ಕೊಟ್ಟು ಓದಿಸುತ್ತಾರೆ. ಮಕ್ಕಳಿರುವ ನಾಟಕವಾದರೆ ಎಲ್ಲರನ್ನೂ ಒಟ್ಟಿಗೆ ನಿಲ್ಲಿಸಿ ರಂಗ ಆಟಗಳನ್ನು ಆಡಿಸುವುದೂ ಉಂಟು: ಇಬ್ಬರು ಎದುರುಬದುರು ನಿಂತು ಒಬ್ಬರ ಚಲನೆಯನ್ನು ಇನ್ನೊಬ್ಬರು ಕನ್ನಡಿಯಂತೆ ಅನುಸರಿಸುವುದು, ಇಲ್ಲದ ಚೆಂಡನ್ನು ಎಸೆದು ಹಿಡಿಯುವುದು. ಇದನ್ನು ಮಕ್ಕಳಾಟವೆಂದು ಬಗೆಯಬೇಡಿ. ರಂಗ ಆಟಗಳನ್ನು ಒಂದು ಪದ್ಧತಿಯಾಗಿ ಬೆಳೆಸಿದ ಅಮೆರಿಕದ ವಯೋಲಾ ಸ್ಪೋಲಿನ್ (1906–1994) ಶಿಕಾಗೋದಲ್ಲಿ ವಲಸಿಗರ ಮಕ್ಕಳೊಂದಿಗೆ ಕೆಲಸ ಮಾಡುತ್ತಲೇ ಅವನ್ನು ಕಟ್ಟಿದರು. ಭಾಷಣದಂಥ ವಿವರಣೆಯಿಂದ ಬಾರದ ಸಹಜತೆ ಆಟದಿಂದ ಬರುತ್ತದೆ ಎಂಬುದು ಅವರು ಕಂಡುಕೊಂಡದ್ದು. ಕನ್ನಡಿಯ ಆಟದಲ್ಲಿ ಎದುರಿಗಿರುವುದು ಹತ್ತು ವರ್ಷದ ಮಗುವೋ ನಲವತ್ತರ ಗೃಹಸ್ಥನೋ ಎಂಬುದು ಲೆಕ್ಕಕ್ಕೇ ಬರುವುದಿಲ್ಲ. ಮಂಡಿ ನೋವಿದ್ದರೆ ಮಾತ್ರ ಮೊದಲೇ ಹೇಳಿ. ಕೂತು ಆಡಲು ಬಿಡುತ್ತಾರೆ.

ಹಾಳೆ ಕೊಟ್ಟು ಓದಿಸಿದರೆ? ಚಾಳೀಸು ಕನ್ನಡಕ ಮರೆಯಬೇಡಿ. ಒಳ್ಳೆಯ ದನಿಯಿದ್ದವರೂ ಮಂದ ಬೆಳಕಿನಲ್ಲಿ ಸಣ್ಣ ಅಕ್ಷರಕ್ಕೆ ತಡವರಿಸಿ ಸೋತದ್ದನ್ನು ಕಂಡಿದ್ದೇನೆ. ಹಾಳೆಯನ್ನು ಮುಖಕ್ಕೆ ಅಡ್ಡವಾಗದಂತೆ ಎದೆಯ ಮಟ್ಟದಲ್ಲಿ ಹಿಡಿಯಿರಿ, ಓದುತ್ತಿರುವ ಸಾಲಿನ ಪಕ್ಕ ಹೆಬ್ಬೆರಳಿಡಿ. ಆಗ ತಲೆಯೆತ್ತಿ ಎದುರಿನವರನ್ನು ನೋಡಿ ಮತ್ತೆ ಹಾಳೆಗೆ ಇಳಿದರೂ ಸಾಲು ತಪ್ಪುವುದಿಲ್ಲ. ನಿಮ್ಮ ಮಾತು ಮುಗಿದೊಡನೆ ಮುಂದಿನ ಸಾಲನ್ನು ಹುಡುಕಲು ಇಳಿಯಬೇಡಿ. ಅವರು ಹೇಳುವುದನ್ನು ಪೂರ್ತಿ ಕೇಳಿ. ಸ್ವಲ್ಪ ತಡವಾದರೆ ಯಾರೂ ತಪ್ಪು ತಿಳಿಯುವುದಿಲ್ಲ.

ಓದಿ ಮುಗಿಸಿದ ಮೇಲೆ ನಿರ್ದೇಶಕರು, "ಇದನ್ನೇ ಗುಟ್ಟು ಹೇಳುವಂತೆ ಹೇಳಿ" ಎಂದೋ "ಸಿಟ್ಟನ್ನು ತಡೆದುಕೊಂಡು ಹೇಳಿ" ಎಂದೋ ಇನ್ನೊಮ್ಮೆ ಕೇಳಬಹುದು. ಮೊದಲ ಓದು ಕೆಟ್ಟಿತು ಎಂದು ಕುಗ್ಗಬೇಡಿ. ನಿಮ್ಮೊಂದಿಗೆ ಕೆಲಸ ಮಾಡಲು ಸಾಧ್ಯವೇ ಎಂದು ನೋಡುತ್ತಿದ್ದಾರೆ, ಅಷ್ಟೆ. ಆಸಕ್ತಿಯಿಲ್ಲದವರನ್ನು ಎರಡನೇ ಸಲ ಓದಿಸುವುದು ಅಪರೂಪ. ಮೊಮ್ಮಗಳ ವಿಷಯದಲ್ಲಿ ನಿಮ್ಮಲ್ಲಿ ನನ್ನ ಕಳಕಳಿಯ ಮನವಿ ಇರುವುದೂ ಇಲ್ಲಿಯೇ. ಅವಳಿಗೆ ಯಾವ ಪದಕ್ಕೆ ಒತ್ತು, ಎಲ್ಲಿ ಕೈ ಎತ್ತಬೇಕು ಎಂದು ಮನೆಯಲ್ಲಿ ತಿದ್ದಿ ತೀಡಬೇಡಿ. ಹಾಗೆ ಗಿಳಿಪಾಠ ಒಪ್ಪಿಸಲು ಬಂದ ಮಕ್ಕಳು ಬೇರೆ ರೀತಿಯಲ್ಲಿ ಹೇಳು ಎಂದಾಗ ಅದನ್ನೇ ಇನ್ನಷ್ಟು ಗಟ್ಟಿಯಾಗಿ ಹೇಳುತ್ತಾರೆ, ಇಲ್ಲವೇ ಮೂಲೆಯಲ್ಲಿ ಕೂತ ಅಮ್ಮನನ್ನೋ ಅಜ್ಜಿಯನ್ನೋ ನೋಡುತ್ತಾರೆ. ಕಥೆ ಹೇಳಿ, ಪಾತ್ರ ಯಾರೆಂದು ಮಾತನಾಡಿ, ಉಳಿದದ್ದನ್ನು ಅವಳಿಗೇ ಬಿಡಿ. ಆ ದಿನ ಬೇರೆ ಬೇರೆ ಸರದಿ ಕೇಳಿಕೊಂಡರೆ ಇಬ್ಬರಿಗೂ ಒಳ್ಳೆಯದು.

ಅರ್ಜಿಯಲ್ಲಿ ಬಿಡುವಿಲ್ಲದ ದಿನಗಳನ್ನು ಕೇಳಿರುತ್ತಾರೆ. ಪಾತ್ರ ಕೈತಪ್ಪೀತು ಎಂದು ಅದನ್ನು ಖಾಲಿ ಬಿಡಬೇಡಿ. ಪರೀಕ್ಷೆ, ಮದುವೆ, ವೈದ್ಯರ ತಪಾಸಣೆ ಎಲ್ಲವನ್ನೂ ಬರೆಯಿರಿ. ಮಕ್ಕಳ ತಾಲೀಮು ಬೇಗ ಮುಗಿಯುತ್ತದೆಯೇ, ವೇಷ ಬದಲಿಸಲು ಅವರಿಗೆ ಪ್ರತ್ಯೇಕ ಜಾಗವಿದೆಯೇ, ನೇಪಥ್ಯದಲ್ಲಿ ಅವರ ಜವಾಬ್ದಾರಿ ಹೊತ್ತವರು ಯಾರು ಎಂಬುದನ್ನು ನೀವು ಆ ತಂಡದಲ್ಲಿ ಇರಲಿ ಬಿಡಲಿ ಕೇಳಲೇಬೇಕು. ಈ ಪ್ರಶ್ನೆಗೆ ಮುಖ ಸಿಂಡರಿಸುವ ತಂಡಕ್ಕೆ ಮಗುವನ್ನು ಕಳಿಸಬೇಡಿ.

ಒಬ್ಬರು ಆಯ್ಕೆಯಾಗಿ ಒಬ್ಬರು ಆಗದಿರುವುದು ಖಂಡಿತ ಸಾಧ್ಯ. ಪಾತ್ರ ಹಂಚಿಕೆ ಒಬ್ಬೊಬ್ಬರಿಗೆ ಅಂಕ ಕೊಟ್ಟು ಮುಗಿಯುವುದಿಲ್ಲ. ತಾಯಿಯ ಪಾತ್ರಕ್ಕೆ ಒಬ್ಬರು ನಿಕ್ಕಿಯಾದರೆ ಮಗಳ ಎತ್ತರ, ಅಜ್ಜಿಯ ದನಿ ಎಲ್ಲವೂ ಅದಕ್ಕೆ ತಕ್ಕಂತೆ ಬದಲಾಗುತ್ತವೆ. ಚೆನ್ನಾಗಿ ಓದಿದವರೂ ಇದರಿಂದಾಗಿ ಹೊರಗುಳಿಯುತ್ತಾರೆ. ಇದನ್ನು ಮಗುವಿಗೆ ಆಡಿಷನ್‌ಗೆ ಮುಂಚೆಯೇ ಹೇಳಿ. ಪಟ್ಟಿ ಬಂದ ಮೇಲೆ ಹೇಳಿದರೆ ಅದು ಬರೀ ಸಮಾಧಾನದ ಮಾತಾಗಿ ಕೇಳಿಸುತ್ತದೆ. ಅವಳಿಗೆ ಸಿಕ್ಕಿ ನಿಮಗೆ ಸಿಗದಿದ್ದರೆ ರಂಗದ ಮರೆಯಲ್ಲಿ ನಿಂತು, ಮರೆತವರಿಗೆ ಮಾತು ಎತ್ತಿಕೊಡುವುದಕ್ಕೋ ಉಡುಪಿನ ಕೆಲಸಕ್ಕೋ ಸೇರಿಕೊಳ್ಳಿ. ನಿಮಗೆ ಸಿಕ್ಕಿ ಅವಳಿಗೆ ಸಿಗದಿದ್ದರೆ ಮಾತ್ರ ಅವಳು ಅತ್ತಳೆಂದು ನೀವು ಪಾತ್ರ ಬಿಡಬೇಡಿ. ಮನೆಯಲ್ಲಿ ನಿಮ್ಮ ಎದುರು ಕೂತು ಉಳಿದ ಪಾತ್ರಗಳನ್ನೆಲ್ಲ ಓದುವ ಕೆಲಸ ಅವಳದಾಗಲಿ.

ಕೊನೆಗೆ ನೆನಪಿನ ವಿಷಯ. ನಟರು ಮಾತನ್ನು ಹೇಗೆ ಕಲಿಯುತ್ತಾರೆ ಎಂದು ದೀರ್ಘಕಾಲ ಅಧ್ಯಯನ ಮಾಡಿದವರು ಹೆಲ್ಗಾ ನೋಯ್ಸ್ ಮತ್ತು ಟೋನಿ ನೋಯ್ಸ್ ದಂಪತಿ. ಆಕೆ ಮನೋವಿಜ್ಞಾನಿ, ಆತ ನಟ. ನುರಿತ ನಟರು ಪದಗಳನ್ನು ಉರು ಹೊಡೆಯುವುದಿಲ್ಲ, ಪಾತ್ರ ಈ ಮಾತನ್ನು ಯಾಕೆ ಹೇಳುತ್ತಿದೆ ಎಂಬ ಉದ್ದೇಶವನ್ನು ಹಿಡಿದು ಹೋಗುತ್ತಾರೆ, ಚಲನೆಯೊಂದಿಗೆ ಕಲಿತ ಮಾತು ಹೆಚ್ಚು ಉಳಿಯುತ್ತದೆ ಎಂಬುದು ಅವರಿಗೆ ಕಂಡ ಸಂಗತಿ. 2004ರಲ್ಲಿ ಪ್ರಕಟವಾದ ಅವರ ಅಧ್ಯಯನವೊಂದರಲ್ಲಿ, ಕೆಲವೇ ವಾರ ಅಭಿನಯದ ತರಬೇತಿ ಪಡೆದ ಹಿರಿಯರ ನೆನಪಿನ ಶಕ್ತಿ ಸುಧಾರಿಸಿತ್ತು. ಆದ್ದರಿಂದ ಪಾತ್ರ ಸಿಕ್ಕಿದ ರಾತ್ರಿಯೇ ಪುಸ್ತಕ ಹಿಡಿದು ಬಾಯಿಪಾಠಕ್ಕೆ ಕೂರಬೇಡಿ. ಎಲ್ಲಿ ಕೂರುತ್ತೀರಿ, ಯಾವಾಗ ಎದ್ದು ಬಾಗಿಲಿಗೆ ಹೋಗುತ್ತೀರಿ ಎಂಬುದು ತಾಲೀಮಿನಲ್ಲಿ ಗೊತ್ತಾಗಲಿ, ಆಮೇಲೆ ಮನೆಯಲ್ಲಿ ಓಡಾಡುತ್ತಲೇ ಕಲಿಯಿರಿ.