ಎಲೆ ಉದುರಿತು ಅಂತ ಮೆಣಸಿನ ಗಿಡ ಕೀಳಬೇಡಿ

ಪ್ರಶ್ನೆ: ನಾವಿರುವುದು ಇಂಗ್ಲೆಂಡಿನ ಲೀಡ್ಸ್‌ನಲ್ಲಿ. ನಮ್ಮ ಗಾಂಧಾರಿ ಮೆಣಸಿನಂಥದ್ದೇ ಒಂದು ಗಿಡ ಕುಂಡದಲ್ಲಿದೆ. ಕಾಯಿ ಬಿಡಲು ಶುರುವಾಗಿದ್ದೇ ಆಗಸ್ಟ್ ಕೊನೆಗೆ, ಅಷ್ಟರಲ್ಲಿ ಚಳಿ ಬಂತು. ಕಿತ್ತು ಹಾಕಿ, ಮುಂದಿನ ವರ್ಷ ಮತ್ತೆ ಬೀಜ ಹಾಕಿ ಎನ್ನುತ್ತಾರೆ. ಉಳಿಸಿಕೊಳ್ಳಲು ಆಗುವುದಿಲ್ಲವೇ?

ಉತ್ತರ: ಖಂಡಿತ ಆಗುತ್ತದೆ. ಊರಿನ ಹಿತ್ತಲಲ್ಲಿ ಗಾಂಧಾರಿ ಗಿಡ ಯಾರೂ ನೋಡಿಕೊಳ್ಳದಿದ್ದರೂ ವರ್ಷಗಟ್ಟಲೆ ಕಾಯಿ ಬಿಡುತ್ತಲೇ ಇರುತ್ತದೆ, ಅಲ್ವಾ? ನಿಮ್ಮಲ್ಲಿ ಅದನ್ನು ಕೊಲ್ಲುವುದು ಇಬ್ಬನಿ ಹೆಪ್ಪುಗಟ್ಟುವ ಚಳಿ. ರಾತ್ರಿ 10 ಡಿಗ್ರಿಗಿಂತ ಕೆಳಗೆ ಇಳಿಯುವ ಮೊದಲೇ, ಸೆಪ್ಟೆಂಬರ್ ಮುಗಿಯುವಷ್ಟರಲ್ಲಿ, ಒಳಗೆ ತನ್ನಿ.

ತರುವ ಮೊದಲು ಕಾಯಿ ಎಲ್ಲ ಕೊಯ್ದು, ಮನಸ್ಸು ಗಟ್ಟಿ ಮಾಡಿಕೊಂಡು ಗಿಡವನ್ನು ಸವರಿ. ಗೇಣುದ್ದದ ಕಾಂಡ, ತುದಿಯಲ್ಲಿ ಎರಡು ಕವಲು, ಇಷ್ಟೇ ಉಳಿದರೆ ಸಾಕು. ಹಳೆ ಮಣ್ಣು ಉದುರಿಸಿ, ಬೇರು ತೊಳೆದು, ಸ್ವಲ್ಪ ಸಣ್ಣ ಕುಂಡದಲ್ಲಿ ಹೊಸ ಮಣ್ಣಿಗೆ ನೆಡಿ. ಯಾಕೆಂದರೆ ಗಿಡದ ರಸ ಹೀರುವ ಸಸ್ಯಹೇನು ಒಳಗೆ ಬರುವುದು ಎಲೆಯಡಿ ಕೂತು, ಮಣ್ಣಲ್ಲಿ ಅಡಗಿ. ಒಂದು ಸಲ ಬಂದರೆ ಚಳಿಗಾಲವಿಡೀ ಕಾಟ.

ಹೀಟರ್ ಪಕ್ಕ ಮಾತ್ರ ಇಡಬೇಡಿ. ಬೆಚ್ಚಗಿದ್ದು ಬೆಳಕು ಸಾಲದಿದ್ದರೆ ಬಿಳಿಚಿಕೊಂಡ ಉದ್ದುದ್ದ ಚಿಗುರು ಬಿಟ್ಟು ಗಿಡ ಸೊರಗುತ್ತದೆ. 10ರಿಂದ 13 ಡಿಗ್ರಿ ಇರುವ, ಹೀಟರ್ ಹಾಕದ ಕೋಣೆಯ ಕಿಟಕಿ ಒಳ್ಳೆಯದು. ಇನ್ನು ನೀರು. ನಾನು ಇಂಗ್ಲೆಂಡಿನಲ್ಲಿದ್ದಾಗ ನನ್ನ ಮೊದಲ ಗಿಡ ಹೋಗಿದ್ದೇ ನೀರು ಜಾಸ್ತಿಯಾಗಿ. ಎಲೆ ಇಲ್ಲದ ಗಿಡ ನೀರು ಕುಡಿಯುವುದೇ ಕಡಿಮೆ ಎಂದು ತಿಳಿಯದೆ ದಿನಾ ಹಾಕಿದೆ, ಬೇರು ಕೊಳೆತುಹೋಯಿತು, ಈಗಲೂ ಬೇಜಾರಿದೆ. ಮಣ್ಣು ಪೂರ್ತಿ ಒಣಗಿದ ಮೇಲೆ ಸ್ವಲ್ಪ ಹಾಕಿ, ಎರಡು ಮೂರು ವಾರಕ್ಕೊಮ್ಮೆ ಸಾಕಾಗುತ್ತದೆ. ಗೊಬ್ಬರ ಬೇಡವೇ ಬೇಡ.

ಡಿಸೆಂಬರ್‌ನಲ್ಲಿ ಅದು ಸುಮ್ನೆ ಒಣಕಡ್ಡಿ ಥರ ನಿಂತಿರುತ್ತದೆ. ಅನುಮಾನ ಬಂದರೆ ಉಗುರಿನಿಂದ ತೊಗಟೆ ಚೂರೇ ಚೂರು ಕೆರೆದು ನೋಡಿ: ಒಳಗೆ ಹಸಿರಿದ್ದರೆ ಜೀವ ಇದೆ.

ಫೆಬ್ರವರಿ ಕೊನೆಗೋ ಮಾರ್ಚ್‌ಗೋ ಗಿಣ್ಣಲ್ಲಿ ಚಿಗುರು ಕಂಡಾಗ ಬಿಸಿಲಿನ ಕಿಟಕಿಗೆ ತಂದು, ನೀರು ಗೊಬ್ಬರ ನಿಧಾನಕ್ಕೆ ಶುರು ಮಾಡಿ. ಮೇ ಕೊನೆಗೆ ಹೊರಗಿಡಿ, ಮೊದಲ ವಾರ ಹಗಲು ಮಾತ್ರ. ಬೇರು ಆಗಲೇ ಬಲಿತಿರುವುದರಿಂದ ಬೀಜದ ಗಿಡಕ್ಕಿಂತ ಬೇಗ ಹೂ ಬಿಡುತ್ತದೆ. ಬ್ಯಾಡಗಿ, ದೊಣ್ಣೆಮೆಣಸಿಗೂ ಇದೇ ಕ್ರಮ. ಆದರೆ ಅವು ಗಾಂಧಾರಿಯಷ್ಟು ಗಟ್ಟಿಯಲ್ಲ, ಎರಡು ಮೂರು ಗಿಡ ಇಟ್ಟುಕೊಳ್ಳಿ.